ಓಡಿದರೆ ಜ್ವರ, ನಿಂತರೆ ಆರಾಮ

ನನಗೆ ಒಂದಿಷ್ಟೂ ಅರ್ಥವಾಗದ ವಸ್ತುವನ್ನು ನಾನು ಮುಟ್ಟುವುದಿಲ್ಲ. ಅರ್ಧ ಅರ್ಥವಾದದ್ದನ್ನು ಕಂಡರೆ ಮಾತ್ರ ಕೈ ಸುಮ್ಮನಿರುವುದಿಲ್ಲ. ಏನೂ ಗೊತ್ತಿಲ್ಲದವನು ಗಾಡಿಯನ್ನು ಮೆಕ್ಯಾನಿಕ್ಕಿನ ಹತ್ತಿರ ಒಯ್ಯುತ್ತಾನೆ, ಎಲ್ಲ ಗೊತ್ತಿದ್ದವನು ತಾನೇ ರಿಪೇರಿ ಮಾಡಿಕೊಳ್ಳುತ್ತಾನೆ. ಈ ಇಬ್ಬರ ನಡುವೆ ಸ್ಪ್ಯಾನರ್ ಹಿಡಿದುಕೊಂಡು ನಿಂತವನು ನಾನು. ನಗಬೇಕೆನ್ನುವವರಿಗೆ ಇನ್ನೂ ಒಂದು ಸಂಗತಿ ಹೇಳಿಬಿಡುತ್ತೇನೆ: ನನ್ನ ಹೊಟ್ಟೆಪಾಡೇ ಫ್ಯಾನು ಮತ್ತು ಥರ್ಮೋಸ್ಟ್ಯಾಟಿನದು. ಅಮೆರಿಕದಲ್ಲಿ, ಶಿಕಾಗೋ ಹತ್ತಿರದ ಇಟಾಸ್ಕಾದ ಒಂದು ಆಫೀಸಿನಲ್ಲಿ ಕೂತು, ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಯಾವ ಫ್ಯಾನು ಯಾವಾಗ ತಿರುಗಬೇಕು, ಎಷ್ಟು ಬಿಸಿಯಾದರೆ ಯಾವುದು ನಿಲ್ಲಬೇಕು ಎಂದು ನಿರ್ಧರಿಸುವುದು ಆಗ ನನ್ನ ಕೆಲಸ. ಆ ಕಟ್ಟಡಗಳಲ್ಲಿ ಸಾವಿರಾರು ಜನ ಹಾಯಾಗಿ ಕೂತಿರುತ್ತಿದ್ದರಂತೆ. ನನ್ನ ಕಾರಿನಲ್ಲಿ ಕೂರುತ್ತಿದ್ದವರು ನಾನು ಮತ್ತು ನನ್ನ ಹೆಂಡತಿ ವಿಜಯಾ, ಇಬ್ಬರೇ. ಇಬ್ಬರೂ ಹಾಯಾಗಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ಅದೇ ಶಿಕಾಗೋ ಸೀಮೆಯ ಬೋಲಿಂಗ್‌ಬ್ರೂಕಿನಲ್ಲಿದ್ದೆವು. ನಮ್ಮದು ಮೂರನೆಯ ಕೈ ದಾಟಿ ಬಂದ ಉದ್ದನೆಯ ಕಾರು. ಅದರಲ್ಲಿ ರೇಡಿಯೇಟರಿನ ಫ್ಯಾನು ಎಂಜಿನ್ನಿಗೇ ಬೆಲ್ಟಿನಿಂದ ತಗುಲಿಕೊಂಡು ತಿರುಗುತ್ತಿತ್ತು. ಆ ಬೇಸಿಗೆಯಲ್ಲಿ ಅದರ ಒಂದು ರೆಕ್ಕೆ ಮುರಿಯಿತು. ಅದೇ ಥರದ ಇನ್ನೊಂದು ತಂದು ಹಾಕಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಫ್ಯಾನಿನ ವಿಷಯದಲ್ಲಿ ನನಗೆ ಸ್ವಂತ ಅಭಿಪ್ರಾಯಗಳಿದ್ದವು. ಜೋಲಿಯೆಟ್ ಹತ್ತಿರದ ಗುಜರಿ ಮೈದಾನಕ್ಕೆ ಹೋಗಿ, ಬೇರಾವುದೋ ಕಾರಿನ ಹೊಟ್ಟೆಯಿಂದ ಒಂದು ಎಲೆಕ್ಟ್ರಿಕ್ ಫ್ಯಾನು ಕಿತ್ತು ತಂದು ನಮ್ಮ ರೇಡಿಯೇಟರಿನ ಹಿಂದೆ ಕೂರಿಸಿದೆ. ಬಿಸಿಯಾದಾಗ ಮಾತ್ರ ತಿರುಗುವಂತೆ ಮಾಡಲು ಸೆನ್ಸರು, ರಿಲೇ ಎಲ್ಲ ಬೇಕಿತ್ತು. ನಾನು ರಾಯಚೂರಿನವನು. ನಮ್ಮೂರಿನಲ್ಲಿ ಯಾವ ಸ್ವಿಚ್ಚು ಕೈಕೊಟ್ಟರೂ ಒಂದೇ ಮದ್ದು, 'ಡೈರೆಕ್ಟ್ ಕೊಟ್ಟುಬಿಡೋದು'. ಕೊಟ್ಟುಬಿಟ್ಟೆ. ಚಾವಿ ತಿರುಗಿಸಿದರೆ ಫ್ಯಾನು ಶುರು, ಚಾವಿ ತೆಗೆದರೆ ಬಂದ್.

ಫ್ಯಾನಿನಿಂದ ಹೊರಬಂದದ್ದು ಎರಡೇ ತಂತಿ, ಒಂದು ನೀಲಿ, ಒಂದು ಕಪ್ಪು. ಇವುಗಳಲ್ಲಿ ಯಾವುದು ಬ್ಯಾಟರಿಯ ಪ್ಲಸ್ಸಿಗೆ ಎಂಬ ಪ್ರಶ್ನೆ ಬಂದಾಗ ನಾನು ಒಂದು ಕ್ಷಣವೂ ತಡವರಿಸಲಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ. ನಮ್ಮ ಕಡೆಯ ಮನೆಗಳ ವೈರಿಂಗಿನಲ್ಲಿ ಕೆಂಪು ತಂತಿಯಲ್ಲಿ ಕರೆಂಟು, ಕಪ್ಪು ಪಾಪದ್ದು. ಈ ನಂಬಿಕೆಯನ್ನು ಹೊತ್ತುಕೊಂಡು ಇಟಾಸ್ಕಾದ ಆಫೀಸಿಗೆ ಸೇರಿದ ಮೊದಲ ವಾರವೇ ಒಂದು ಕಪ್ಪು ತಂತಿಯನ್ನು ಸಲಿಗೆಯಿಂದ ಮುಟ್ಟಿದೆ. ಅಮ್ಮಮ್ಮಾ! ಮೊಣಕೈಯಿಂದ ಹಲ್ಲಿನ ತನಕ ಜುಮ್ಮೆಂದಿತು. ಅಮೆರಿಕದ ಕಟ್ಟಡಗಳಲ್ಲಿ ಕರೆಂಟು ಹರಿಯುವುದೇ ಕಪ್ಪಿನಲ್ಲಿ ಎಂದು ಸಹೋದ್ಯೋಗಿಗಳು ನೀರು ಕುಡಿಸಿ ಹೇಳಿದರು. 'ಇಲ್ಲಿ ಕಪ್ಪೇ ಜೀವಂತ' ಎಂದು ಅವತ್ತು ಮನಸ್ಸಿನಲ್ಲಿ ಕೊರೆದಿಟ್ಟುಕೊಂಡೆ. ಈ ದೇಶದಲ್ಲಿ ನಾನು ಕಷ್ಟಪಟ್ಟು ಕಲಿತ ಮೊದಲ ಪಾಠ ಅದು. ಹಾಗಾಗಿ ಕಪ್ಪನ್ನು ಪ್ಲಸ್ಸಿಗೂ ನೀಲಿಯನ್ನು ಮೈನಸ್ಸಿಗೂ ಕೊಟ್ಟು, ಚಾವಿ ತಿರುಗಿಸಿ, ಭರ್ರೆಂದು ತಿರುಗಿದ ಫ್ಯಾನನ್ನು ನೋಡಿ ಕೈ ಒರೆಸಿಕೊಂಡೆ.

ಅಲ್ಲಿಂದ ನನ್ನ ತಲೆ ಕೆಡಲು ಶುರುವಾಯಿತು. ಲೋಕದ ಎಲ್ಲ ಕಾರುಗಳೂ ಬಿಸಿಯಾಗುವುದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಹೈವೇಯಲ್ಲಿ ಗಾಳಿ ಬಡಿದರೆ ತಣ್ಣಗಾಗುತ್ತವೆ. ನಮ್ಮದು ತದ್ವಿರುದ್ಧ. ಸಂಜೆ ಆಫೀಸಿನಿಂದ ಆಮೆಯ ಹಾಗೆ ತೆವಳಿಕೊಂಡು ಬರುವಾಗ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಸಾಧುವಾಗಿ ನಡುವೆ ಕೂತಿರುತ್ತಿತ್ತು. ಭಾನುವಾರ ಖಾಲಿ ರಸ್ತೆಯಲ್ಲಿ ಅರವತ್ತು ಮೈಲಿ ವೇಗ ಮುಟ್ಟಿತೋ ಇಲ್ಲವೋ, ಮುಳ್ಳು ಕೆಂಪಿನ ಕಡೆ ಹೊರಡುತ್ತಿತ್ತು. ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದರೆ ಮತ್ತೆ ಇಳಿಯುತ್ತಿತ್ತು. ಫ್ಯಾನು ತಿರುಗುತ್ತಿದೆಯೇ? ತಿರುಗುತ್ತಿದೆ. ನೀರಿದೆಯೇ? ಇದೆ. ಹಾಗಾದರೆ ಉಳಿದದ್ದು ಥರ್ಮೋಸ್ಟ್ಯಾಟು. ಎಂಜಿನ್ ಬಿಸಿಯಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಾಗಿಲು ಅದು. ಹಳೆಯದು ನೂರ ತೊಂಬತ್ತೈದು ಡಿಗ್ರಿಗೆ ತೆರೆಯುತ್ತಿತ್ತು. ತೆಗೆದು ನೂರ ಎಂಬತ್ತರದ್ದು ಹಾಕಿದೆ. ಮುಳ್ಳು ಕ್ಯಾರೇ ಅನ್ನಲಿಲ್ಲ. ನೂರ ಅರವತ್ತರದ್ದು ಹಾಕಿದೆ. ಇವೆಲ್ಲ ಫ್ಯಾರನ್‌ಹೀಟಿನಲ್ಲಿ, ಪ್ರತಿ ಸಲವೂ ಸೆಲ್ಸಿಯಸ್ಸಿಗೆ ತಿರುಗಿಸಿಕೊಂಡ ಮೇಲೆಯೇ ನನಗೆ ಆತಂಕಪಡಲು ಬರುತ್ತಿದ್ದದ್ದು.

ನಮ್ಮ ಮನೆಯ ಹತ್ತಿರ ಬಶೀರ್ ಸಾಹೇಬರ ಟೈರ್ ಅಂಗಡಿಯಿತ್ತು. ತುಮಕೂರಿನವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ನನ್ನ ರೋಗಲಕ್ಷಣಗಳನ್ನು ಕೇಳಿ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಟ್ರಾಫಿಕ್ಕಲ್ಲಿ ಕುದಿಯೋ ಗಾಡಿ ಬೇಕಾದಷ್ಟು ನೋಡಿದೀನಿ ಸಾರ್. ಟ್ರಾಫಿಕ್ಕಲ್ಲಿ ತಣ್ಣಗಿದ್ದು ಓಡಿದ್ರೆ ಕುದಿಯೋದು ಇದೇ ಫಸ್ಟು. ಗಾಡಿ ಬಿಟ್ಟು ಹೋಗಿ, ನಾಳೆ ನೋಡ್ತೀನಿ" ಎಂದರು. ಬಿಟ್ಟು ಹೋಗಲು ನನಗೆ ಸ್ವಾಭಿಮಾನ ಅಡ್ಡ ಬಂತು. "ಇಲ್ಲ ಸಾಹೇಬ್ರೇ, ಆಲ್‌ಮೋಸ್ಟ್ ಸಾಲ್ವ್ ಮಾಡಿದೀನಿ" ಎಂದೆ. ಮನೆಗೆ ಬಂದು ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡಿದೆ. ಇದೂ ರಾಯಚೂರಿನ ವಿದ್ಯೆಯೇ. ನಲವತ್ತೈದು ಡಿಗ್ರಿ ಬಿಸಿಲಿನ ನಮ್ಮೂರಿನ ಮೆಕ್ಯಾನಿಕ್ಕುಗಳು ಹೊಸ ಗಾಡಿ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಶಸ್ತ್ರಚಿಕಿತ್ಸೆ ಅದು. "ಅದು ಚಳಿ ದೇಶದವ್ರಿಗ್ರಿ, ನಮಗ್ಯಾಕ?" ಎನ್ನುತ್ತಿದ್ದರು. ನಾನು ಈಗ ಇರುವುದೇ ಆ ಚಳಿ ದೇಶದಲ್ಲಿ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಪರಿಣಾಮವಾಗಿ ಅಕ್ಟೋಬರಿನ ಬೆಳಗುಗಳಲ್ಲಿ ಎಂಜಿನ್ ಬಿಸಿಯೇ ಆಗದೆ ಹೀಟರಿನಿಂದ ತಣ್ಣನೆಯ ಗಾಳಿ ಬರತೊಡಗಿತು. ಹೈವೇ ಹತ್ತಿ ಅರ್ಧ ತಾಸು ಕಳೆದರೆ ಯಥಾಪ್ರಕಾರ ಕುದಿ. ಒಂದೇ ಪ್ರಯಾಣದಲ್ಲಿ ನಡುಗಿ ಬೆವರುವ ಯೋಗ ಎಷ್ಟು ಜನಕ್ಕಿರುತ್ತದೆ!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ತಿಂಗಳ ಕೊನೆಗೆ ವಿಜಯಾಳ ಇಂಟರ್‌ವ್ಯೂ ಇತ್ತು. ಬಾಗಲಕೋಟೆಯವಳು, ಹುಬ್ಬಳ್ಳಿಯಲ್ಲಿ ಓದಿದ ಡಾಕ್ಟರು. ಈ ದೇಶಕ್ಕೆ ಬಂದ ಮೇಲೆ ಮತ್ತೆ ಮೊದಲಿನಿಂದ ಪರೀಕ್ಷೆ ಬರೆದು, ಯಾವುದಾದರೂ ಆಸ್ಪತ್ರೆ ತರಬೇತಿಗೆ ಕರೆದರೆ ಮಾತ್ರ ಅವಳು ಡಾಕ್ಟರು, ಇಲ್ಲದಿದ್ದರೆ ನನ್ನ ಹೆಂಡತಿ. ಮೂರು ವರ್ಷ ಅಡಿಗೆಮನೆಯ ಮೇಜಿನ ಮೇಲೆ ಓದಿದ್ದಳು. ಕಂಡ ಕಂಡ ಆಸ್ಪತ್ರೆಗೆಲ್ಲ ಅಪ್ಲೈ ಮಾಡಿದ್ದಳು. ಬಂದ ಕರೆ ಒಂದೇ, ಡೆಟ್ರಾಯಿಟ್ ಹತ್ತಿರದ ಒಂದು ಆಸ್ಪತ್ರೆಯದು. ಆ ಕಾಗದವನ್ನು ಅವಳು ಕೈಚೀಲದಿಂದ ತೆಗೆದು ತೆಗೆದು ಓದುತ್ತಿದ್ದಳು. ಅದು ಹೋದರೆ ಇನ್ನೊಂದು ವರ್ಷ ಕಾಯಬೇಕಿತ್ತು. ಅವಳಿಗೆ ಕಾಯುವ ಶಕ್ತಿ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು. "ಬಶೀರ್ ಸಾಹೇಬರ ವ್ಯಾನರೆ ಕೇಳೂಣ್ರಿ" ಎಂದಳು. "ಯಾಕೆ, ನಮ್ಮ ಕಾರಿಗೇನಾಗಿದೆ?" ಎಂದೆ. ಅವಳು ಕಪಾಟಿನಿಂದ ದಪ್ಪನೆಯ ಶಾಲು ತೆಗೆದು ಕೈಚೀಲದ ಪಕ್ಕ ಇಟ್ಟಳು.

ಇಂಟರ್‌ವ್ಯೂ ಮಧ್ಯಾಹ್ನ ಎರಡಕ್ಕೆ, ಅದೂ ಡೆಟ್ರಾಯಿಟಿನ ಗಡಿಯಾರದಲ್ಲಿ. ಅದು ನಮ್ಮ ಶಿಕಾಗೋದ್ದಕ್ಕಿಂತ ಒಂದು ತಾಸು ಮುಂದೆ. ಬೆಳಗ್ಗೆ ಆರಕ್ಕೇ ಹೊರಟೆವು. ಅವಳು ಸೂಟಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ನಡುಗುತ್ತಾ ಕೂತಿದ್ದಳು. ಇಂಡಿಯಾನಾ ದಾಟುವ ಹೊತ್ತಿಗೆ ಬಿಸಿಲೇರಿತು. ಚಳಿಗಾಲದ ಮುಂಚೆ ಹೀಗೆ ಅಕಸ್ಮಾತ್ತಾಗಿ ಬರುವ ಸೆಕೆಗೆ ಇಲ್ಲಿಯವರು 'ಇಂಡಿಯನ್ ಸಮ್ಮರ್' ಎನ್ನುತ್ತಾರೆ. ನಾನು ಬಹಳ ದಿನ ಅದು ನಮ್ಮ ರಾಯಚೂರಿಗೆ ಸಂದ ಗೌರವ ಎಂದುಕೊಂಡಿದ್ದೆ. ಮುಳ್ಳು ಎದ್ದಿತು. ನಿಲ್ಲಿಸಿದೆ, ಇಳಿಯಿತು. ಹೊರಟೆ, ಎದ್ದಿತು. ಮಿಶಿಗನ್ನಿನಲ್ಲಿ ನಲವತ್ತು ಮೈಲಿ ವೇಗದಲ್ಲಿ ಬಲತುದಿಯ ನಿಧಾನದ ಸಾಲಿನಲ್ಲಿ ಹೋಗುತ್ತಿದ್ದರೆ ಲಾರಿಗಳೆಲ್ಲ ಹಾರ್ನ್ ಬಾರಿಸಿ ಬೈದು ಹೋಗುತ್ತಿದ್ದವು. ಕಲಮಜೂ ಹತ್ತಿರದ ಒಂದು ಎಗ್ಜಿಟ್ಟಿನಲ್ಲಿ ಬಾನೆಟ್ಟಿನಿಂದ ಆವಿ ಎದ್ದಾಗ ಪೆಟ್ರೋಲ್ ಬಂಕಿನ ಮೂಲೆಗೆ ಕಾರು ನುಗ್ಗಿಸಿದೆ. ಡೆಟ್ರಾಯಿಟಿನ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು, ಇನ್ನೂ ನೂರ ನಲವತ್ತು ಮೈಲಿ ಇತ್ತು.

ಬಾನೆಟ್ ಎತ್ತಿ, ಎಂಜಿನ್ ನಿಲ್ಲಿಸಿ, ಫ್ಯಾನಾದರೂ ತಿರುಗಲಿ ಎಂದು ಚಾವಿಯನ್ನು ಆನ್ ಮಾಡಿಯೇ ಬಿಟ್ಟೆ. ವಿಜಯಾ ಇಳಿದು ಬಂದು ಕಾರಿನ ಮುಂದೆ ನಿಂತಳು. ಕೈಯಲ್ಲಿ ಅದೇ ಕಾಗದ. ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಲು ಅದರಲ್ಲಿದ್ದ ನಂಬರು ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ನನಗೆ ರೂಢಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಆ ಕಾಗದ ಅವಳ ಕೈಯಿಂದ ಹಾರಿತು. ಹಾರಿ, ಪಂಪುಗಳನ್ನು ದಾಟಿ, ಐಸ್ ಮಾರುವ ದೊಡ್ಡ ಡಬ್ಬಿಯ ಮೇಲೆ ಕೂತು, ನಾನು ಹತ್ತಿರ ಹೋದ ಕೂಡಲೇ ಮತ್ತೆ ಎದ್ದಿತು. ಟೈ ಕಟ್ಟಿಕೊಂಡು ಬಂಕಿನ ತುಂಬ ಓಡಾಡಿ, ಕೊನೆಗೆ ಕಾಗದದ ಮೇಲೆ ಕಾಲಿಟ್ಟು ಹಿಡಿದೆ. ಏದುಸಿರು ಬಿಡುತ್ತಾ ವಾಪಸು ಬಂದರೆ ಇವಳು ಕಣ್ಣು ಒರೆಸಿಕೊಂಡು ಕಾರಿನ ಮೂತಿಯನ್ನೇ ನೋಡುತ್ತಿದ್ದಳು.

"ಒಂದು ಮಾತು ಹೇಳ್ರಿ. ಈ ಫ್ಯಾನ್ ಗಾಳಿ ಒಳಗ ಎಳೀಬೇಕೋ, ಹೊರಗ ಊದಬೇಕೋ?"

"ಒಳಗೆ ಎಳೀಬೇಕು. ಬೇಸಿಕ್ ಅದು."

"ಹಂಗಾದ್ರ ನನ್ನ ಲೆಟರ್ ಆಕಡೆ ಯಾಕ ಹಾರಿತು?"

"ಹೊರಗಡೆ ಗಾಳಿ ಇದೆಯಲ್ಲೇ" ಎಂದೆ. ಅವಳು ಒಂದು ಪೇಪರ್ ನ್ಯಾಪ್‌ಕಿನ್ ತೆಗೆದು ಕಾರಿನ ಮೂತಿಯ ಜಾಲರಿಗೆ ಹಿಡಿದಳು. ಅದು ಪಟಪಟ ಬಡಿದುಕೊಂಡು ಅವಳ ಕಡೆಗೇ ಹಾರಿತು. "ನೋಡ್ರಿಲ್ಲೆ. ಇದು ಉಸಿರು ತಗೊಳ್ಳಾಕತ್ತಿಲ್ಲ, ಬರೇ ಬಿಡಾಕತ್ತೈತಿ" ಎಂದಳು.

ನಾನು ಬಗ್ಗಿ ಜಾಲರಿಗೆ ಮುಖ ಒಡ್ಡಿದೆ. ಬಿಸಿ ಗಾಳಿ ಮುಖಕ್ಕೆ ರಾಚಿತು. ಫ್ಯಾನು ಉಲ್ಟಾ ತಿರುಗುತ್ತಿತ್ತು. ಟ್ರಾಫಿಕ್ಕಿನಲ್ಲಿ ಅದು ಹಿಂದಿನಿಂದ ಮುಂದಕ್ಕೆ ಊದಿ ಹೇಗೋ ರೇಡಿಯೇಟರನ್ನು ತಣಿಸುತ್ತಿತ್ತು. ಹೈವೇಯಲ್ಲಿ ಎದುರಿನಿಂದ ನುಗ್ಗುವ ಗಾಳಿಗೂ ಇದಕ್ಕೂ ಜಟಾಪಟಿಯಾಗಿ, ಎರಡೂ ಗಾಳಿ ನಡುವೆ ನಿಂತುಬಿಡುತ್ತಿದ್ದವು. ಕಟ್ಟಡಗಳ ಮಾತು ಏನೇ ಇರಲಿ, ಕಾರುಗಳಲ್ಲಿ ಕಪ್ಪು ತಂತಿ ಸಾಮಾನ್ಯವಾಗಿ ಮೈನಸ್ಸು. ಅಂದರೆ ರಾಯಚೂರಿನಲ್ಲಿ ಇದ್ದ ಹಾಗೆ ಪಾಪದ್ದು! ನಾನು ಅಮೆರಿಕದಲ್ಲಿ ಏನೂ ಕಲಿಯದೆ ದಡ್ಡನಾಗಿಯೇ ಉಳಿದಿದ್ದರೆ ಸರಿಯಾಗಿ ಜೋಡಿಸಿರುತ್ತಿದ್ದೆ. ಎರಡು ತಂತಿ ಅದಲುಬದಲು ಮಾಡಲು ಹಿಡಿದದ್ದು ಮೂರು ನಿಮಿಷ. ಚಾವಿ ತಿರುಗಿಸಿದರೆ ನ್ಯಾಪ್‌ಕಿನ್ ಟಪ್ಪೆಂದು ಜಾಲರಿಗೆ ಅಂಟಿಕೊಂಡಿತು. ಆವಿ ಅಡಗಿದ ಮೇಲೆ ನೀರು ತುಂಬಿ ಹೊರಟೆವು. ಎಪ್ಪತ್ತು ಮೈಲಿ ವೇಗದಲ್ಲೂ ಮುಳ್ಳು ಅಲುಗಲಿಲ್ಲ. ಥರ್ಮೋಸ್ಟ್ಯಾಟ್ ಇಲ್ಲದ್ದರಿಂದ ಡೆಟ್ರಾಯಿಟಿನ ತನಕ ಹೀಟರು ಬೆಚ್ಚಗಾಗಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ಎರಡಕ್ಕೆ ಹತ್ತು ನಿಮಿಷ ಇರುವಾಗ ಅವಳು ನನ್ನ ಬೂಟಿನ ಗುರುತಿದ್ದ ಕಾಗದ ಹಿಡಿದು ಆಸ್ಪತ್ರೆಯೊಳಗೆ ಹೋದಳು.

ಮೂರೂವರೆಗೆ ನಗುತ್ತಾ ಹೊರಬಂದಳು. ಒಬ್ಬ ಹಿರಿಯ ಡಾಕ್ಟರು, ಇತ್ತೀಚೆಗೆ ನೀವು ಕಂಡ ಕಷ್ಟದ ಕೇಸೊಂದನ್ನು ಹೇಳಿ ಎಂದು ಕೇಳಿದರಂತೆ. ಇವಳು ರೋಗಿ ನೋಡದೆ ಮೂರು ವರ್ಷವಾಗಿತ್ತು. ಬೆಳಗಿನ ಕಾರನ್ನೇ ಹೇಳಿದಳಂತೆ: ಓಡಿದರೆ ಜ್ವರ, ನಿಂತರೆ ಆರಾಮ, ಮೂರು ಸಲ ಶಸ್ತ್ರಚಿಕಿತ್ಸೆ ಮಾಡಿ ಇದ್ದ ಅಂಗವನ್ನೂ ತೆಗೆದುಹಾಕಿದ್ದಾರೆ, ಆದರೆ ಯಾರೂ ರೋಗಿಯ ಮೂಗಿನ ಮುಂದೆ ಕೈಯಿಟ್ಟು ಉಸಿರು ನೋಡಿಲ್ಲ. ಅವರು ಮೇಜು ಬಡಿದು ನಕ್ಕರಂತೆ. "ಮೊದಲು ಟ್ರೀಟ್‌ಮೆಂಟ್ ಕೊಟ್ಟವರು ಯಾರು ಅಂತ ಕೇಳಿದ್ರು" ಎಂದಳು. ನನಗೆ ಬೆವರಿತು. "ನಮ್ಮ ಮನಿಯವ್ರ ಕಡೆ ಯಾರೋ ಸಂಬಂಧಿಕರು ಅಂದೆ. ನಿಮ್ಮ ಹೆಸರು ಹೇಳಲಿಲ್ಲರಿ, ಚಿಂತಿ ಮಾಡಬ್ಯಾಡ್ರಿ."

ಮಾರ್ಚಿನಲ್ಲಿ ಅವಳಿಗೆ ಅಲ್ಲಿಯೇ ಸೀಟು ಸಿಕ್ಕಿತು. ನಾವು ಡೆಟ್ರಾಯಿಟ್ ಕಡೆಗೇ ಮನೆ ಬದಲಿಸಿದೆವು. ಮುಂದಿನ ಚಳಿಗಾಲದಲ್ಲಿ ಅವಳ ವಿಭಾಗದವರ ಪಾರ್ಟಿಗೆ ಹೋಗಿದ್ದಾಗ ಅದೇ ಹಿರಿಯ ಡಾಕ್ಟರು ನನ್ನ ಕೈ ಕುಲುಕಿ, "ಫ್ಯಾನಿಗೆ ವೈರಿಂಗ್ ಮಾಡಿದ್ದ ನಿಮ್ಮ ಆ ಸಂಬಂಧಿಕರು ಹೇಗಿದ್ದಾರೆ?" ಎಂದು ವಿಚಾರಿಸಿದರು. ಮಾನ ಉಳಿಸಿಕೊಳ್ಳಲು ನನಗೆ ಇದ್ದದ್ದು ಅದೊಂದೇ ಅವಕಾಶ. "ಊರಿಗೆ ವಾಪಸು ಹೋದರು ಸಾರ್. ಈಗ ಯಾವುದನ್ನೂ ಮುಟ್ಟುವುದಿಲ್ಲವಂತೆ" ಎಂದೆ.

"ಇಲ್ಲ ಡಾಕ್ಟರ್, ಹೋದ ವಾರ ಬಂದಿದ್ದರು" ಎಂದಳು ಪಕ್ಕದಲ್ಲಿದ್ದ ವಿಜಯಾ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. "ನಮ್ಮ ಮನೆಯ ಹೀಟರ್ ರಿಪೇರಿ ಮಾಡಿದರು. ಅದಕ್ಕೇ ನಾನು ಎರಡು ಸ್ವೆಟರ್ ಹಾಕಿಕೊಂಡು ಬಂದಿರುವುದು."