ಮೂರು ತೊಟ್ಟು ಎಣ್ಣೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಮೂರೇ ತೊಟ್ಟು ಎಣ್ಣೆ. ಬಿಟ್ಟವನು ಬಟ್ಟೆ ಗಿರಣಿಯ ಫಿಟ್ಟರ್. ಎಲ್ಲಿ ಯಂತ್ರ ಕಿರುಗುಟ್ಟಿದರೂ, ಮಗು ಅತ್ತಿತೆಂದು ಓಡುವ ತಾಯಿಯ ಹಾಗೆ ಎಣ್ಣೆಡಬ್ಬಿ ಹಿಡಿದು ಓಡುತ್ತಿದ್ದ. ಹಾಗಾಗಿ ಗಿರಣಿಯಲ್ಲಿ ಅವನ ಹೆಸರೇ ಎಣ್ಣೆಡಬ್ಬಿ. ಪಾಪ, ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಅಂದು ಸಂಜೆ ನಗರದ ಸಭಾಂಗಣದಲ್ಲಿ ಭಾರಿ ಸಂಗೀತ ಕಾರ್ಯಕ್ರಮ. ನೂರು ವರ್ಷಗಳಿಂದ ಗಿರಣಿಗಳ ಸದ್ದಿನ ನಡುವೆ ಹುಟ್ಟಿ ಬೆಳೆದ ಹಾಡುಗಳನ್ನು ನಲವತ್ತು ಮಂದಿ ನಿವೃತ್ತ ಕಾರ್ಮಿಕರು ಹಾಡುವವರಿದ್ದರು. ವೇದಿಕೆಯ ನಟ್ಟನಡುವೆ ಗಿರಣಿಯ ಅತ್ಯಂತ ಹಳೆಯ ಮಗ್ಗ. ಅದನ್ನು ಜೋಡಿಸಿ ನಿಲ್ಲಿಸುವ ಹೊಣೆ ಎಣ್ಣೆಡಬ್ಬಿಯದು. ಹಾಡು ಮುಗಿದ ಮೇಲೆ ಗಿರಣಿಯ ಯಜಮಾನರು ಹೊಸ ಹೆಡ್ ಫಿಟ್ಟರ್ ಯಾರೆಂದು ಹೇಳುವವರಿದ್ದರು.

“ಆ ಕೆಲಸ ನಂದೇ ಅಂತ ತಿಳ್ಕೋಮ್ಮಾ,” ಎಂದು ಅವನು ಬೆಳಿಗ್ಗೆಯೇ ತಾಯಿಗೆ ಹೇಳಿಬಿಟ್ಟಿದ್ದ. ಅದೇ ಮಗ್ಗದ ಮುಂದೆ ಮೂವತ್ತು ವರ್ಷ ನಿಂತು ದುಡಿದವಳು ಆಕೆ. ಅವಳಿಗೆ ಮೊದಲ ಸಾಲಿನಲ್ಲೇ ಕುರ್ಚಿ ಹಿಡಿದಿಟ್ಟಿದ್ದ.

ಮಧ್ಯಾಹ್ನ ಬೋಲ್ಟುಗಳನ್ನೆಲ್ಲ ಬಿಗಿದು ಮಗ್ಗದ ಚಕ್ರ ತಿರುಗಿಸಿದ. ಕಿರ್ರ್... ಎಂದಿತು. ಅವನ ಮೈ ಉರಿಯಿತು. ಯಜಮಾನರ ಎದುರು ತನ್ನ ಕೈಯಾಡಿದ ಯಂತ್ರ ಕಿರುಗುಟ್ಟುವುದೆಂದರೇನು? ಮೂರು ತೊಟ್ಟು ಬಿಟ್ಟ. ಮಗ್ಗ ತೆಪ್ಪಗಾಯಿತು.

ನಾಲ್ಕು ಗಂಟೆಗೆ ಸಂಗೀತದ ಮೇಷ್ಟ್ರು ತಾಲೀಮಿಗೆ ಬಂದರು. ಚಕ್ರ ತಿರುಗಿಸಿದರು. ಸದ್ದಿಲ್ಲ. ಮತ್ತೆ ತಿರುಗಿಸಿದರು.

“ಕಿರ್ರ್ ಅಂತಿತ್ತಲ್ಲ, ಎಲ್ಲಿ?”

“ತೆಗ್ದುಬಿಟ್ಟೆ ಸಾರ್. ಈಗ ನೋಡಿ, ಬೆಣ್ಣೆ ಬೆಣ್ಣೆ!”

ಮೇಷ್ಟ್ರು ಕುಸಿದು ಕೂತರು. “ಅಯ್ಯೋ ಪುಣ್ಯಾತ್ಮ! ಅದು ನಮ್ಮ ಶ್ರುತಿ ಕಣಯ್ಯಾ! ಆಗಿನ ಕಾಲದಲ್ಲಿ ಆ ಕಿರ್ರ್‌ಗೇ ದನಿ ಸೇರಿಸಿ ಹಾಡ್ತಿದ್ರು. ಅದಿಲ್ದೆ ಹೋದ್ರೆ ನಲವತ್ತು ಜನ ನಲವತ್ತು ದಿಕ್ಕಿಗೆ ಹಾಡ್ತಾರೆ!”

ಬಿಟ್ಟಿ ಸಲಹೆಗಾರರು ನೆರೆಯಲು ಎಷ್ಟು ಹೊತ್ತು? ಗಿರಣಿಯ ಸ್ಟೋರ್‌ಕೀಪರ್ “ಸೀಮೆಎಣ್ಣೆ ಹಾಕಿ ತೊಳಿ” ಎಂದ. ತೊಳೆದರೆ ಚಕ್ರ ಇನ್ನೂ ನಯವಾಗಿ ತಿರುಗಿತು. ಪರದೆ ಎಳೆಯುವವನು “ಮರಳು ಹಾಕಿ” ಎಂದ. ಹಾಕಿದರೆ ಮುದುಕ ಕ್ಯಾಕರಿಸಿದಂತೆ ಖರ್ರ್ ಎಂದಿತು. ಟಿಕೆಟ್ ಹರಿಯುವಾಕೆ ಬಂದು ನೋಡಿ, “ಎರಡು ದಿನ ಬಿಸಿಲಿಗಿಡಿ, ಸರಿಹೋಗುತ್ತೆ” ಎಂದಳು. ಜನ ಒಳಗೆ ಬರಲು ಉಳಿದಿದ್ದು ಅರ್ಧ ಗಂಟೆ.

“ಕಿರ್ರ್ ಅನ್ನೋದು ಒಂದು ಸಂಗೀತವಾ ಸಾರ್? ಕಿರ್ರ್... ಕಿರ್ರ್...” ಎಂದು ಎಣ್ಣೆಡಬ್ಬಿ ಸಂಕಟದಿಂದ ಅಣಕಿಸಿದ.

ಮಗ್ಗವೇ ಕಿರುಗುಟ್ಟಿತೆಂದು ಎಲ್ಲರೂ ಗಕ್ಕನೆ ಅದರ ಕಡೆ ತಿರುಗಿದರು. ಹುಟ್ಟು ಶತ್ರುವಿನ ದನಿಯನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇನ್ಯಾರಿದ್ದಾರೆ!

ಮೇಷ್ಟ್ರು ಮಗ್ಗದ ಸುತ್ತ ಕರಿಬಟ್ಟೆ ಇಳಿಬಿಟ್ಟರು. “ತೂರು ಒಳಗೆ. ನಾನು ಚಕ್ರ ತಿರುಗಿಸಿದಾಗಲೆಲ್ಲ ನೀನು ಶುರು.”

ಕಾರ್ಯಕ್ರಮ ಅದ್ಭುತವಾಗಿ ನಡೆಯಿತು. ಎರಡು ಗಂಟೆ ಮಗ್ಗ ಕಿರುಗುಟ್ಟಿತು, ನಲವತ್ತು ದನಿಗಳು ಒಂದೇ ದಾರಿ ಹಿಡಿದವು, ಕೇಳಲು ಬಂದಿದ್ದ ಹಳೆಯ ಕಾರ್ಮಿಕರು ಬಿಕ್ಕಿ ಬಿಕ್ಕಿ ಅತ್ತರು. ಕೊನೆಗೆ ಯಜಮಾನರು ಮೈಕ್ ಹಿಡಿದರು.

“ಹಾಡು ತುಂಬಾ ಚೆನ್ನಾಗಿತ್ತು. ಆದ್ರೆ ಈ ಮಗ್ಗ ಏನ್ರೀ ಹೀಗೆ ಅರಚುತ್ತೆ? ಇದನ್ನ ನೋಡ್ಕೊಂಡ ಫಿಟ್ಟರ್‌ನೇ ಹೆಡ್ ಮಾಡೋಣ ಅಂತಿದ್ದೆ. ಎಣ್ಣೆ ಹಾಕೋಕೂ ಬರ್ದೇ ಇರೋನಿಗೆ ಆ ಕೆಲಸ ಕೊಡ್ಲಾ? ಬೇಕಾದ್ರೆ ಇನ್ನೊಂದ್ಸಲ ಕೇಳಿ!” ಎಂದು ತಾವೇ ಚಕ್ರಕ್ಕೆ ಕೈ ಹಾಕಿದರು.

ಕರಿಬಟ್ಟೆಯೊಳಗೆ ಎಣ್ಣೆಡಬ್ಬಿ ಲೆಕ್ಕ ಹಾಕಿದ. ಈಗೊಮ್ಮೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೆಲಸ ತನ್ನದು! ತುಟಿ ಬಿಗಿದುಕೊಂಡು ಬಟ್ಟೆಯ ಸಂದಿಯಿಂದ ನೋಡಿದ. ಮೊದಲ ಸಾಲಿನಲ್ಲಿ ತಾಯಿ ಕಿವಿಗೆ ಕೈ ಆನಿಸಿ, ಒದ್ದೆ ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತು, ತನ್ನ ಮಗ್ಗ ಇನ್ನೊಮ್ಮೆ ದನಿ ತೆಗೆಯಲೆಂದು ಕಾಯುತ್ತಿದ್ದಳು.

ಚಕ್ರ ತಿರುಗಿತು.

“ಕಿರ್ರ್...” ಎಂದ.

ಹೆಡ್ ಫಿಟ್ಟರ್ ಕೆಲಸ ಸ್ಟೋರ್‌ಕೀಪರನ ಭಾವಮೈದುನನಿಗೆ ಹೋಯಿತು. ಎಣ್ಣೆಡಬ್ಬಿ ನಿಜ ಹೇಳೋಣವೆಂದರೆ, ಊರೆಲ್ಲ ಅತ್ತದ್ದು ಮಗ್ಗಕ್ಕಲ್ಲ, ತನ್ನ ಗಂಟಲಿಗೆ ಎಂದು ಹೇಳಬೇಕು; ಹೇಳಲು ಆ ಗಂಟಲೂ ಉಳಿದಿರಲಿಲ್ಲ.

ಮನೆಯ ದಾರಿಯಲ್ಲಿ ತಾಯಿ ಅವನ ಕೈ ಹಿಡಿದುಕೊಂಡು ಹೇಳಿದಳು: “ನನ್ನ ಮಗ್ಗ ಎಷ್ಟು ಚೆನ್ನಾಗಿ ಹಾಡ್ತು ಕಣೋ! ಕೊನೇ ಸಲ ಮಾತ್ರ ಯಾಕೋ ಅಳೋ ಹಾಗೆ ಕೇಳಿಸ್ತು. ಅಷ್ಟು ದೊಡ್ಡ ಡಬ್ಬಿ ಹಿಡ್ಕೊಂಡು ಓಡಾಡ್ತೀಯ, ಒಂದು ಮೂರು ತೊಟ್ಟು ಎಣ್ಣೆ ಬಿಡೋಕೆ ಏನಾಗಿತ್ತು ನಿಂಗೆ?”