ಉಪಗ್ರಹದ ನೆಂಟರು ಮತ್ತು ನಮ್ಮ ಭಾವ

ನಮ್ಮಕ್ಕನನ್ನು ಒಪ್ಪಿಕೊಳ್ಳಲು ಭಾವನಿಗೆ ಒಂದು ತಟ್ಟೆ ಉಪ್ಪಿಟ್ಟು ತಿನ್ನುವಷ್ಟು ಹೊತ್ತು ಸಾಕಾಗಿತ್ತಂತೆ. ನಮ್ಮ ತಾರಸಿಗೊಂದು ಕೇಬಲ್ ಒಪ್ಪಿಕೊಳ್ಳಲು ಇಡೀ ಶ್ರಾವಣ ಮಾಸ ಬೇಕಾಯಿತು! ಸುಳ್ಳೆನಿಸಿದರೆ ಪೀಣ್ಯದ ಕೇಬಲ್ ಅಂಗಡಿಯವರನ್ನು ಕೇಳಿ. ಭಾವ ಬರುವುದು ಕಂಡರೆ ಅವರು ಊಟಕ್ಕೆ ಎದ್ದುಬಿಡುತ್ತಿದ್ದರು.

ನಾನು ರಾಜಗೋಪಾಲನಗರದ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಕಾರ್ಖಾನೆಗಳಿಗೆ ಗಡಿಯಾರ ತಯಾರಿಸುತ್ತೇನೆ. ತಾರಸಿಯ ಮೇಲಿನ ಪುಟ್ಟ ಆಂಟೆನಾ ಜಿಪಿಎಸ್ ಉಪಗ್ರಹಗಳಿಂದ ಸಮಯ ಹಿಡಿಯುತ್ತದೆ, ಕೇಬಲ್ಲು ಅದನ್ನು ಕೆಳಗೆ ತರುತ್ತದೆ, ಕಾರ್ಖಾನೆಯ ಸೈರನ್ನುಗಳೆಲ್ಲ ಒಂದೇ ಕ್ಷಣಕ್ಕೆ ಕೂಗುತ್ತವೆ. ಆಗ ನನ್ನ ಕೆಲಸ ಕುಂಟುತ್ತಿತ್ತು. ದೊಡ್ಡ ಕಾರ್ಖಾನೆಯೊಂದರ ಮ್ಯಾನೇಜರು, "ನಿಮ್ಮ ಮನೇಲೇ ಓಡಿಸಿ ತೋರ್ಸಿ ಮೇಡಂ, ಸರಿ ಇದ್ರೆ ಆರ್ಡರ್ ನಿಮ್ಮದೇ" ಎಂದಿದ್ದರು. ಅದೂ ಕೈತಪ್ಪಿದರೆ ಬಾಗಿಲು ಹಾಕುವುದೊಂದೇ ದಾರಿ.

ಭಾವ ಜೀವಮಾನವೆಲ್ಲ ಆಂಟೆನಾಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಅಕ್ಕ ತೀರಿಕೊಂಡ ಮೇಲೂ ಭಾನುವಾರ ತಪ್ಪದೆ ವೈಟ್‌ಫೀಲ್ಡಿನಿಂದ ಮೆಟ್ರೋ ಬದಲಿಸಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಅಳಿಯಂದಿರು ಬಂದರೆಂದು ಅಮ್ಮ ಹೋಳಿಗೆ ತಟ್ಟಿದರೆ ಅವರು ಹೋಳಿಗೆಗೆ ಕೈಯೊಡ್ಡುವ ಮೊದಲು ನಮ್ಮ ಸ್ವಿಚ್ಚುಗಳನ್ನೆಲ್ಲ ಒತ್ತಿ ನೋಡುತ್ತಾರೆ!

"ಭಾವ, ಹಳೇ ಡಿಶ್ ಟಿವಿ ಕೇಬಲ್ ಸುರುಳಿ ಅಟ್ಟದ ಮೇಲೆ ಬಿದ್ದಿದೆ. ಅದನ್ನೇ ಹಾಕ್ಬಿಡೋಣ್ವಾ?" ಎಂದೆ ನಾನು. ಮದುವೆ ಮನೆಯಲ್ಲಿ ಹಳಸಿದ ಅನ್ನ ಬಡಿಸಲೇ ಎಂದು ಕೇಳಿದಂತಾಯಿತು ಅವರಿಗೆ.

"ಅಲ್ಲಮ್ಮಾ, ಆ ಸಿಗ್ನಲ್ಲು ಎಷ್ಟು ಮೇಲಿಂದ ಬರುತ್ತೆ ಗೊತ್ತಾ? ಅಷ್ಟು ದೂರದಿಂದ ಸುಸ್ತಾಗಿ ಬಂದ ನೆಂಟರನ್ನ ನಮ್ಮ ಮೆಟ್ಟಿಲ ಮೇಲೆ ಸಾಯಿಸ್ತೀಯಾ?"

ಕೇಬಲ್ ಉದ್ದವಾದಷ್ಟೂ ಸಿಗ್ನಲ್ಲನ್ನು ತಿನ್ನುತ್ತದೆ, ತೆಳ್ಳಗಿದ್ದಷ್ಟೂ ಹೆಚ್ಚು ತಿನ್ನುತ್ತದೆ. ಆದ್ದರಿಂದ ಮೊದಲು ದಾರಿ ಅಳೆಯಬೇಕು, ಆಮೇಲೆ ಕೇಬಲ್ ಆರಿಸಬೇಕು. ಇದು ಭಾವನ ವೇದ. 'ಮುಂದೆ ಬೇಕಾಗುತ್ತೆ' ಎಂದು ಮಿಕ್ಕಿದ್ದನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕುವ ನಮ್ಮ ಮನೆಯ ಸಂಪ್ರದಾಯ ಅವರ ಪಾಲಿಗೆ ಮಹಾಪಾಪ. ದಾರಿ ಅಳೆಯಲು ಟೇಪು ಸಾಲದೆ ತಾರಸಿಯ ಬಟ್ಟೆ ಹಗ್ಗವನ್ನೇ ಬಿಚ್ಚಿಬಿಟ್ಟರು.

"ಅಳಿಯಂದಿರ, ಸೀರಿ ಎಲ್ಲಿ ಹಾಕ್ಲಿ?" ಎಂದರು ಹಾವೇರಿ ಕಡೆಯ ನಮ್ಮಮ್ಮ, ಒದ್ದೆ ಸೀರೆ ಹಿಡಿದು.

"ಸ್ವಲ್ಪ ತಡೀರಿ ಅತ್ತೆ, ನಿಮ್ಮ ಹಗ್ಗ ಈಗ ಡ್ಯೂಟೀಲಿದೆ!"

ಹಗ್ಗ ಹೇಳಿದ ಪ್ರಕಾರ ಹತ್ತಿರದ ದಾರಿ ತಾರಸಿ ಕೋಣೆಯದು. ಅಲ್ಲಿ ಅಮ್ಮ ಇರುತ್ತಾರೆ. ಅವರ ಕಿಟಕಿಯಿಂದ ಒಳಗೆ ತಂದು, ಮೆಟ್ಟಿಲ ಪಕ್ಕ ಇಳಿಸಿದರೆ ನೇರ ನನ್ನ ಮೇಜು. ಸಾಧಾರಣ ಕೇಬಲ್ಲೇ ಸಾಕು. ಭಾವ ಅಳತೆ ಹಿಡಿದು ಅಮ್ಮನ ಕೋಣೆಗೆ ಹೋದರು, ಕಿಟಕಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಹೊರಗೆ ಬಂದವರೇ, "ಹಿಂದಿನ ಗೋಡೆ ಸುತ್ಕೊಂಡು ಬರ್ಲಿ. ದಪ್ಪ ಕೇಬಲ್ ತರೋಣ" ಎಂದುಬಿಟ್ಟರು!

ನನಗೆ ರೇಗಿತು. ಅಷ್ಟು ದಿನ 'ಗಿಡ್ಡ, ಗಿಡ್ಡ' ಎಂದು ಜಪ ಮಾಡಿದವರು ಇವರೇ ತಾನೇ? ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂದರೆ ಇದೇ! "ಯಾಕೆ ಭಾವ?" ಎಂದರೆ, "ಸುಮ್ನಿರಮ್ಮ, ಕಾರಣ ಇದೆ" ಎಂದರು. ಆ ದಪ್ಪ ಕೇಬಲ್ಲೋ, ಹೆಬ್ಬಾವಿನ ತಂಗಿ. ಮೂಲೆಯಲ್ಲಿ ಬಗ್ಗು ಎಂದರೆ ಬಗ್ಗದು, ಬಲವಂತ ಮಾಡಿದರೆ ಕೆಡುತ್ತದೆ. ಭಾವ ಅದನ್ನು ಪುಸಲಾಯಿಸುತ್ತಾ ತಿರುಗಿಸಿ, ಆಂಟೆನಾ ಸೇರುವ ಜೋಡಣೆಗೆ ನೀರು ಇಳಿಯದಂತೆ ಟೇಪು ಸುತ್ತಿದರು. ಗಡಿಯಾರ ಉಪಗ್ರಹಗಳನ್ನು ಹಿಡಿದು ನಿಂತಿತು.

ಮ್ಯಾನೇಜರು ಬಂದ ಬೆಳಿಗ್ಗೆ ಭಾವನೂ ಬಂದಿದ್ದರು. ನೋಡಿದರೆ ಗಡಿಯಾರದ ಮೇಲೆ ಕೆಂಪು ದೀಪ. ಒಂದು ಉಪಗ್ರಹವೂ ಇಲ್ಲ! "ಇಷ್ಟುದ್ದ ಎಳೆದ್ರೆ ಇನ್ನೇನಾಗುತ್ತೆ!" ಎಂದು ಭಾವನ ಮೇಲೆ ಹಾರಿಬಿದ್ದೆ. ಅವರು ತಾರಸಿಗೆ ಹತ್ತಿದರು, ಹಿಂದೆ ನಾನು, ನನ್ನ ಹಿಂದೆ ಮ್ಯಾನೇಜರು.

ಆಂಟೆನಾ ಎಲ್ಲಿ? ಕಂಬದ ತುದಿಯಲ್ಲಿ ನಮ್ಮ ಮನೆಯ ಅಲ್ಯುಮಿನಿಯಂ ಪಾತ್ರೆ ಬೋರಲು ಬಿದ್ದುಕೊಂಡಿತ್ತು!

"ನಾನ ಮುಚ್ಚೀನಿ" ಎಂದರು ಅಮ್ಮ ಕೋಣೆಯ ಬಾಗಿಲಲ್ಲಿ ನಿಂತು. "ಜಿಟಿಜಿಟಿ ಮಳಿ. ಪಾಪ, ಒಂದ ಸವನ ನೆನಿಯಾಕತ್ತಿತ್ತು."

ನಾನು ಬಾಯಿ ತೆಗೆಯುವಷ್ಟರಲ್ಲಿ ಭಾವ ಕೈ ಅಡ್ಡ ತಂದರು. ಪಾತ್ರೆ ತೆಗೆದು, ತಮ್ಮ ಅಂಗಿಯ ತುದಿಯಿಂದಲೇ ಅದನ್ನು ಒರೆಸಿ ಅಮ್ಮನ ಕೈಗೆ ಕೊಟ್ಟರು.

"ಅತ್ತೆ, ಅದಕ್ಕೆ ಮಳೇಲಿ ನೆನೆದ್ರೆ ಏನೂ ಆಗಲ್ಲ. ನಿಮಗೆ ಥಂಡಿ ಹತ್ತಿದ್ರೆ ಉಬ್ಬಸ ಬರುತ್ತೆ. ನಿಮ್ಮ ಕಿಟಕೀಲಿ ಕೇಬಲ್ ತೂರಿಸಿದ್ರೆ ಅದು ಪೂರ್ತಿ ಮುಚ್ತಿರ್ಲಿಲ್ಲ. ಅದಕ್ಕೇ ಹಿಂದಿನಿಂದ ಸುತ್ತಿಸಿದ್ದು. ನೀವು ಹೊರಗೆ ನಿಲ್ಬೇಡಿ, ಒಳಗೆ ಹೋಗಿ."

ಕೆಳಗೆ ಹಸಿರು ದೀಪ ಬಂದಿತ್ತು. ಮ್ಯಾನೇಜರು ಬಹಳ ಹೊತ್ತು ಗಡಿಯಾರ ನೋಡಿ, "ಓಕೆ ಮೇಡಂ, ಆರ್ಡರ್ ಕಳಿಸ್ತೀನಿ" ಎಂದರು. ಕುಣಿದಾಡಬೇಕಿತ್ತು ನಾನು. ಕಣ್ಣು ತುಂಬಿಕೊಂಡಿತು. ಅಕ್ಕನೇ ಇಲ್ಲದ ಮೇಲೆ ಈ ಮನೆಯಲ್ಲಿ ಇವರಿಗೆ ಯಾವ ಕಟ್ಟುಪಾಡು? ಆದರೂ ನಮ್ಮಮ್ಮನ ಕಿಟಕಿಯ ಒಂದು ಸಂದಿಗಾಗಿ ಇಡೀ ಕಟ್ಟಡವನ್ನು ಬಳಸಿ ಬಂದಿದ್ದರು. ನನ್ನ ಭಾವನಂಥವರು ಸಿಕ್ಕಿದ್ದು ನಮ್ಮ ಪುಣ್ಯ. ಇದನ್ನು ಅವರ ಎದುರಿಗೆ ಹೇಳಿದರೆ, "ಹೋಗಮ್ಮ, ಸ್ವಿಚ್ ಆಫ್ ಮಾಡು" ಎನ್ನುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಗೆ ಮಳೆ ಮತ್ತೆ ಹಿಡಿದುಕೊಂಡಿತು. ಮೇಲಿನ ಕೋಣೆಯಲ್ಲಿ ಅಮ್ಮ ಕಿಟಕಿ ಎಳೆದುಕೊಂಡ ಸದ್ದು ಕೇಳಿತು. ಅದು ಪೂರ್ತಿ ಮುಚ್ಚಿತು.