ಜೋರು ಉರಿಯ ತರಕಾರಿ

ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನಿಗೆ ತಪ್ಪು ಹುಡುಕುವುದೇ ಹೊಟ್ಟೆಪಾಡು. ಆ ಚಾಳಿ ಅವನ ಹಿಂದೆಯೇ ಮನೆಗೆ ಬಂದು ಊಟದ ತಟ್ಟೆಯ ಮುಂದೂ ಕೂರುತ್ತಿತ್ತು. ಉಪ್ಪು ಹೆಚ್ಚು, ಬೆಂದಿದ್ದು ಕಡಿಮೆ, ಕ್ಯಾರೆಟ್ಟು ದಪ್ಪ. ಒಂದು ದಿನ "ಅಡುಗೆ ಅಂದ್ರೆ ಏನು ಮಹಾ ವಿದ್ಯೆ?" ಎಂದು ಬಾಯಿ ಜಾರಿತು. ಹೆಂಡತಿ ಸೌಟು ಕೆಳಗಿಟ್ಟು ಅಕ್ಕನ ಮನೆಗೆ ಹೊರಟುಹೋದಳು.

ತಿಂಗಳ ಮೇಲೆ, ರಜೆಯ ದಿನ ಬೆಳಿಗ್ಗೆ ಅವಳ ಫೋನು ಬಂತು. "ಮಧ್ಯಾಹ್ನ ಬರ್ತೀನಿ. ಮಾತಾಡೋದಿದೆ."

ಬ್ರೆಡ್ಡು ತಿಂದೂ ತಿಂದೂ ಒಣಗಿದ್ದ ಅವನಿಗೆ ಹೋದ ಜೀವ ಬಂದಂತಾಯಿತು. ಅವಳಿಗೆ ಚೈನೀಸ್ ಎಂದರೆ ಪ್ರಾಣ. ಎಲೆಕೋಸು, ಕ್ಯಾರೆಟ್ಟು, ಬೀನ್ಸು, ದೊಡ್ಡ ಮೆಣಸಿನಕಾಯಿ, ಸೋಯಾ ಸಾಸ್ ಎಲ್ಲ ತಂದ. ಮೊಬೈಲಿನಲ್ಲಿ ವಿಡಿಯೋ ಹಚ್ಚಿದ. ವಿಡಿಯೋದ ಹೆಂಗಸು ತಟ್ಟೆ ತುಂಬಿಸಿ ನಗುವಷ್ಟರಲ್ಲಿ ಇವನು ಒಂದು ಕ್ಯಾರೆಟ್ಟನ್ನೂ ಹೆಬ್ಬೆರಳಿನ ಚೂರು ಚರ್ಮವನ್ನೂ ಹೆಚ್ಚಿ ಮುಗಿಸಿದ್ದ.

ವಿಡಿಯೋ ಮತ್ತೆ ಮೊದಲಿಂದ ಹಚ್ಚಿದ. "ಉರಿ ಜೋರಾಗಿರಲಿ" ಎಂದಳು ಆ ಹೆಂಗಸು. ಇಟ್ಟ. ತೊಳೆದ ತರಕಾರಿಯನ್ನು ನೀರಿನ ಸಮೇತ ಕಾದ ಎಣ್ಣೆಗೆ ಸುರಿದ. ಬಾಣಲೆ ಪಟಾಕಿ ಅಂಗಡಿಯಂತೆ ಸಿಡಿಯಿತು. ಹೊಗೆ ಕಿಟಕಿಯಿಂದಾಚೆ ಹೋಗಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿತು.

"ಬೆಂಕಿ! ಬೆಂಕಿ!" ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಬಕೆಟ್ ಹಿಡಿದು ನುಗ್ಗಿದರು.

"ಬೆಂಕಿ ಅಲ್ಲ ಸಾರ್, ಎಲೆಕೋಸು!"

ಅಷ್ಟರಲ್ಲಿ ಬಕೆಟ್ಟಿನ ನೀರು ಒಲೆಯನ್ನು ತಪ್ಪಿ ಅವನ ನೆತ್ತಿಯ ಮೇಲಿತ್ತು.

ಹಿಂದೆಯೇ ಕೆಳಮನೆಯ ದರ್ಜಿ ಅಕ್ಕ ಬಂದರು. ಬಾಣಲೆಯೊಳಗೆ ಇಣುಕಿ, ಸತ್ತವರನ್ನು ನೋಡಿದಂತೆ ಲೊಚಗುಟ್ಟಿದರು. "ತರಕಾರಿ ಒರೆಸ್ದೇ ಹಾಕಿದ್ರಾ? ಸರೀರಿ ಆ ಕಡೆ!"

ಅಕ್ಕ ಮಿಕ್ಕ ತರಕಾರಿಯನ್ನು ಟೇಪು ಹಿಡಿದು ಅಳೆದಂತೆ ಒಂದೇ ಸಮ ಹೆಚ್ಚಿದರು. ಡ್ರೈವರ್ ಒಲೆಯ ತಿರುಪನ್ನು ಗೇರು ಹಿಡಿದಂತೆ ಹಿಡಿದು ನಿಂತರು.

"ನಾನೇನ್ ಮಾಡ್ಲಿ?" ಎಂದ ಅವನು, ತಲೆ ಒರೆಸಿಕೊಳ್ಳುತ್ತ.

"ನೀವು ಸುಮ್ನಿದ್ರೆ ಅದೇ ದೊಡ್ಡ ಉಪಕಾರ" ಎಂದರು ಅಕ್ಕ.

ಸಾಸ್ ಬಿದ್ದು ಘಮ್ಮೆಂದ ಹೊತ್ತಿಗೆ ಹೆಂಡತಿ ಬಂದಳು. ಕೂತು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಬೀನ್ಸು ಹಲ್ಲಿಗೆ ಕರುಂ ಎಂದಿತು.

"ಮಾಡಿದ್ದು ಯಾರು?"

ಸಂಸಾರ ಸರಿಹೋಗಲೆಂದು ಡ್ರೈವರ್ ಮುಂದೆ ಬಿದ್ದರು. "ಇನ್ಯಾರಮ್ಮ? ನಿಮ್ಮ ಯಜಮಾನ್ರೇ!"

"ನಾವು ಬಾಗಿಲಲ್ಲಿ ನಿಂತು ನೋಡಿದ್ದಷ್ಟೇ" ಎಂದರು ಅಕ್ಕ.

ಅವನು ಎದೆಯುಬ್ಬಿಸಿದ. "ಹೂಂ, ನಾನೇ."

ಅವಳು ತಟ್ಟೆ ಪಕ್ಕಕ್ಕಿಟ್ಟಳು.

"ಪಾಪ, ಒಂದು ಲೋಟ ನೀರು ಕಾಯ್ಸೋಕೂ ಬರಲ್ಲ, ಉಪವಾಸ ಬಿದ್ದಿರ್ತಾರೆ ಅಂತ ನಮ್ಮಕ್ಕ ಬೇಡ ಅಂದ್ರೂ ಇರೋಕೇ ಬಂದೆ. ಇಷ್ಟು ಚೆನ್ನಾಗಿ ಬರುತ್ತೆ ನಿಮಗೆ. ಇಷ್ಟು ವರ್ಷದಲ್ಲಿ, ನಾನು ಜ್ವರ ಬಂದು ಮಲಗಿದ್ದಾಗ್ಲೂ, ಒಂದು ತುತ್ತು ಮಾಡಿ ಹಾಕ್ಲಿಲ್ವಲ್ಲ ನೀವು?"

"ಅಯ್ಯೋ, ನಾನಲ್ಲ ಕಣೇ! ಎಲ್ಲ ಇವರೇ ಮಾಡಿದ್ದು!"

"ಸಿಕ್ಕಿಬಿದ್ಮೇಲೆ ಸುಳ್ಳು ಬೇರೆ."

ಅವನು ನೆರೆಯವರತ್ತ ತಿರುಗಿದ. ದರ್ಜಿ ಅಕ್ಕ ಸೀರೆಯ ಸೆರಗು ನೋಡಿಕೊಳ್ಳುತ್ತಿದ್ದರು. ಡ್ರೈವರ್ ಸೂರು ನೋಡುತ್ತಿದ್ದರು. ಹೆಂಡತಿಯ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಬೀದಿಯಲ್ಲಿ ಕರಗಿತು.

ಆಮೇಲೆ ಡ್ರೈವರ್ ಮೆಲ್ಲಗೆ ಬಾಣಲೆ ಹತ್ತಿರಕ್ಕೆಳೆದುಕೊಂಡರು.

"ಆರಿಹೋಗುತ್ತೆ ಸಾರ್. ರಾತ್ರಿಗೆ ಏನ್ ಮಾಡೋಣ?"